ಚಿಕ್ಕಿ, ಕಣ್ಣು ಮಾತ್ರ ಮುಚ್ಚಬೇಡ

ಹೊಡೆದಾಟ ನೋಡಲು ನಾನಾಗಿ ಹೋಗುವವಳೇ ಅಲ್ಲ. ನನ್ನ ತವರು ಬ್ರಹ್ಮಾವರದ ಕಡೆ. ಚಿಕ್ಕವಳಿದ್ದಾಗ ಮಾವನ ಕೈ ಹಿಡಿದುಕೊಂಡು ಕೋಳಿ ಅಂಕಕ್ಕೆ ಹೋಗಿದ್ದೆ. ಕೋಳಿಯ ಕಾಲಿಗೆ ಸಣ್ಣ ಕತ್ತಿ ಇಟ್ಟು ನೂಲು ಸುತ್ತುತ್ತಿದ್ದರು. ಬೆರಳು ಎಷ್ಟು ಜಾಗ್ರತೆಯಿಂದ ಓಡುತ್ತಿತ್ತು ಅಂದರೆ, ಕೋಳಿಗೆ ಏನೋ ಅಲಂಕಾರ ಮಾಡುತ್ತಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಬಿಟ್ಟು ಅರ್ಧ ನಿಮಿಷ ಆಗಿರಲಿಲ್ಲ, ಒಂದು ಕೋಳಿ ಮಣ್ಣಿನಲ್ಲಿ ಬಿದ್ದಿತ್ತು. ಸೋತ ಕೋಳಿ ಗೆದ್ದವನ ಮನೆಯ ಸಾರಿಗೆ. ಸುತ್ತ ನಿಂತವರ ಆ ಕೂಗು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಟಿವಿಯಲ್ಲಿ ಬಾಕ್ಸಿಂಗ್ ಬಂದರೂ ಎದ್ದು ಒಳಗೆ ಹೋಗುತ್ತಿದ್ದೆ.

ಅಂಥವಳು ಹೋದ ವರ್ಷ ಮಂಗಳೂರಿಗೆ ಹೋಗಿ ಬಾಕ್ಸಿಂಗ್ ನೋಡಿ ಬಂದೆ. ಅಕ್ಕನ ಮಗಳಿಗಾಗಿ. ಅಕ್ಕ, ಭಾವ ದುಬೈಯಲ್ಲಿದ್ದಾರೆ. ಹುಡುಗಿ ಉಡುಪಿ ಹತ್ತಿರದ ಶಂಕರಪುರದ ನಮ್ಮ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಾಳೆ. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತೇವೆ. ಅವಳಿಗೆ ನಾನು ಚಿಕ್ಕಿ, ಅಂದರೆ ಚಿಕ್ಕಮ್ಮ. 19 ವರ್ಷ, 54 ಕೆ.ಜಿ. ವಿಭಾಗ. ಮೊದಲಿನ ಎರಡು ಪಂದ್ಯಕ್ಕೆ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಮೂರನೇ ಸಲ ಅವಳು ಒಂದೇ ಸಲ ಕೇಳಿದಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನನಗೆ ತಡೆಯಲು ಆಗಲಿಲ್ಲ.

ಹಿಂದಿನ ದಿನ ಮಲ್ಲಿಗೆ ಕಟ್ಟುತ್ತಾ ಕೂತಿದ್ದಾಗ ಅವಳನ್ನು ಎದುರಿಗೆ ಕೂರಿಸಿಕೊಂಡೆ. ನಮ್ಮದು ಮಲ್ಲಿಗೆಯ ಕೆಲಸ. 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕೈ ತನ್ನಷ್ಟಕ್ಕೆ ಓಡುತ್ತದೆ, ಬಾಯಿ ಖಾಲಿ ಇರುತ್ತದೆ. ಎಲ್ಲಕ್ಕಿಂತ ಮೊದಲು ಕೇಳಿದ್ದು ಇದನ್ನೇ: "ಅಲ್ಲಿ ನಿಲ್ಲಿಸುವವರು ಯಾರು?"

ಅವಳು ಬೇಜಾರು ಮಾಡಿಕೊಳ್ಳದೆ ಎಲ್ಲ ಹೇಳಿದಳು. ಮೂರು ನಿಮಿಷದ ಮೂರು ಸುತ್ತು. ನಡುವೆ ಒಂದೊಂದು ನಿಮಿಷ ಬಿಡುವು. ಅಂಕ ಕೊಡಲು ಐದು ಜನ ಜಡ್ಜ್. ಸುತ್ತು ಗೆದ್ದವರಿಗೆ 10, ಇನ್ನೊಬ್ಬರಿಗೆ 9 ಅಥವಾ ಅದಕ್ಕಿಂತ ಕಡಿಮೆ. ಪೆಟ್ಟು ಜೋರಾಗಿ ಬಿತ್ತು ಅಂತ ಕಂಡರೆ ರೆಫರಿ ನಿಲ್ಲಿಸಿ ಎಂಟರವರೆಗೆ ಎಣಿಸುತ್ತಾರೆ. ಕೋಚ್‌ಗೆ ಸಾಕು ಅನ್ನಿಸಿದರೆ ಟವೆಲ್ ಎಸೆದು ಪಂದ್ಯ ನಿಲ್ಲಿಸಬಹುದು. ಡಾಕ್ಟರ್ ರಿಂಗಿನ ಪಕ್ಕದಲ್ಲೇ ಇರುತ್ತಾರೆ. ತಲೆಗೆ ಪೆಟ್ಟು ಬಿದ್ದು ಪಂದ್ಯ ನಿಂತರೆ ಕನಿಷ್ಠ 30 ದಿನ ಮತ್ತೆ ಇಳಿಯುವ ಹಾಗಿಲ್ಲ. ಹಲ್ಲಿಗೆ ಹಾಕುವ ಗಾರ್ಡ್ ಕೆಂಪು ಬಣ್ಣದ್ದಾಗಿರಬಾರದು ಅಂತಲೂ ನಿಯಮ ಇದೆಯಂತೆ. ಕೆಂಪಾದರೆ ಬಾಯಲ್ಲಿ ರಕ್ತ ಬಂದದ್ದು ಕಾಣಿಸುವುದಿಲ್ಲ ಅಲ್ವಾ? ಇಷ್ಟು ಸಣ್ಣ ವಿಷಯವನ್ನೂ ಯಾರೋ ಕೂತು ಯೋಚಿಸಿದ್ದಾರೆ ಅಂತ ಗೊತ್ತಾದಾಗ ನನಗೆ ಅರ್ಧ ಧೈರ್ಯ ಬಂತು.

ಹೆಡ್‌ಗಾರ್ಡ್ ಬಗ್ಗೆ ಮಾತ್ರ ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. ಅದು ಚರ್ಮ ಒಡೆಯುವುದನ್ನು ತಪ್ಪಿಸುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಪ್ಪಿಸುವುದಿಲ್ಲ ಅಂದಳು. ದೊಡ್ಡ ಗಂಡಸರ ಪಂದ್ಯಗಳಲ್ಲಿ 2013ರಿಂದಲೇ ಅದನ್ನು ತೆಗೆದಿದ್ದಾರೆ, ಹೆಂಗಸರಿಗೆ ಉಳಿಸಿದ್ದಾರೆ. ನಾನೂ ಒಂದು ಮಾತು ತೆಗೆದುಕೊಂಡೆ. ಪಂದ್ಯದ ನಂತರ ತಲೆನೋವು, ವಾಂತಿ, ಮಂಪರು ಏನಾದರೂ ಇದ್ದರೆ ಮುಚ್ಚಿಡಬಾರದು. ತಲೆ ಮುಟ್ಟಿ ಒಪ್ಪಿದಳು.

ಬೆಳಿಗ್ಗೆ ಕತ್ತಲಿರುವಾಗಲೇ ಹೊರಟೆವು. ಹೂ ಕೊಯ್ದು, ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸುವ ಕೆಲಸ ಪಕ್ಕದ ಮನೆಯವರಿಗೆ ವಹಿಸಿದ್ದೆ. ಕಟಪಾಡಿಯಲ್ಲಿ ಮಂಗಳೂರಿನ ಬಸ್ಸು ಹತ್ತಿದೆವು. ಅವಳು ಹೊಟ್ಟೆಗೆ ಏನೂ ಹಾಕಿರಲಿಲ್ಲ, ತೂಕ ನೋಡುವುದಿತ್ತು. ಪಡುಬಿದ್ರಿ ದಾಟಿದ ಮೇಲೆ ಚೀಲದಿಂದ ಕೈಗೆ ಸುತ್ತುವ ಪಟ್ಟಿಗಳನ್ನು ತೆಗೆದು, "ಚಿಕ್ಕಿ, ಇದನ್ನು ಸ್ವಲ್ಪ ಸುತ್ತಿ ಕೊಡ್ತೀಯಾ?" ಅಂದಳು. ಒಂದೊಂದು ನಾಲ್ಕೂವರೆ ಮೀಟರ್ ಉದ್ದ. ಒಂದು ತುದಿಯಲ್ಲಿ ಹೆಬ್ಬೆರಳಿಗೆ ಹಾಕುವ ಕುಣಿಕೆ, ಇನ್ನೊಂದು ತುದಿಯಲ್ಲಿ ಅಂಟಿಕೊಳ್ಳುವ ಪಟ್ಟಿ. ಸುತ್ತುವ ಕೆಲಸ ನನಗೆ ಹೊಸದಲ್ಲ, ಮುಲ್ಕಿ ಬರುವುದರೊಳಗೆ ಎರಡನ್ನೂ ಸುತ್ತಿ ಕೊಟ್ಟೆ. ಅವಳು ನೋಡಿ, ಬಿಚ್ಚಿ, ಮತ್ತೆ ತಾನೇ ಸುತ್ತಿದಳು. ನಾನು ಕುಣಿಕೆಯ ಕಡೆಯಿಂದ ಶುರು ಮಾಡಿದ್ದೆ, ಅದು ಒಳಗೆ ಸೇರಿಕೊಂಡಿತ್ತು. ಕಟ್ಟುವಾಗ ಮೊದಲು ಬೇಕಾಗುವುದು ಕುಣಿಕೆ. ಅದು ಹೊರಗೆ ಇರಬೇಕು.

ಲೇಡಿಹಿಲ್‌ನಲ್ಲಿ ಇಳಿದು ಆಟೋ ಹಿಡಿದೆವು. ತೂಕ ಸರಿಯಾಗಿತ್ತು. ಮನೆಯಿಂದ ತಂದಿದ್ದ ಬನ್ಸ್, ಬಾಳೆಹಣ್ಣು ತಿಂದು ಅವಳು ತನ್ನ ತಂಡದ ಕಡೆ ಹೋದಳು. ಹೋಗುವಾಗ ತಿರುಗಿ ಹೇಳಿದ್ದು ಒಂದೇ ಮಾತು: "ಚಿಕ್ಕಿ, ಕಣ್ಣು ಮಾತ್ರ ಮುಚ್ಚಬೇಡ."

ಹಾಲ್‌ನಲ್ಲಿ ಎಲ್ಲಿ ಕೂರುವುದು? ಹತ್ತಿರ ಬೇಡ, ಕೊನೆಯ ಸಾಲು ಸಾಕು ಅಂತ ಹೋದೆ. ಅದು ತಪ್ಪಾಯಿತು. ಹಿಂದೆ ಕೂತರೆ ಕಾಣುವುದು ಕಡಿಮೆ, ಕೇಳುವುದು ಜಾಸ್ತಿ. ಕೂಗುವವರೆಲ್ಲ ಅಲ್ಲೇ ಇದ್ದರು. ಹುಡುಗಿಯರ ಪಂದ್ಯ ಶುರುವಾದಾಗ ಒಬ್ಬ ಬಾಯಿಗೆ ಬಂದದ್ದು ಮಾತಾಡುತ್ತಿದ್ದ. ತಿರುಗಿ, "ಅವರ ಮನೆಯವರು ಇಲ್ಲೇ ಕೂತಿದ್ದಾರೆ ಮಾರಾಯ" ಅಂದೆ. ಬಾಯಿ ಮುಚ್ಚಿದ. ನಾನು ಎದ್ದು ಎರಡನೇ ಸಾಲಿಗೆ ಬಂದೆ. ಅಲ್ಲಿಂದ ರೆಫರಿಯ ಮುಖ ಕಾಣುತ್ತಿತ್ತು.

ಪುಟ್ಟಿ ಕೆಂಪು ಮೂಲೆ. ಎದುರಿನ ಹುಡುಗಿ ನೀಲಿ. ಗಂಟೆ ಹೊಡೆದದ್ದೇ ನಾನು ಕಣ್ಣು ಮುಚ್ಚಿಬಿಟ್ಟೆ. ಮಾತು ಕೊಟ್ಟಿದ್ದೆ, ಆದರೂ ಆಗಲಿಲ್ಲ. ಕತ್ತಲಲ್ಲಿ ಬರೀ ಶಬ್ದ. ಒದ್ದೆ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಹೊಡೆದ ಹಾಗೆ, ಥಪ್, ಥಪ್. ಹಿಂದಿನಿಂದ ತುಳುವಿನಲ್ಲಿ "ಪಾಡ್, ಪಾಡ್", ಹಾಕು, ಹಾಕು ಅನ್ನುವ ಕೂಗು. ಒಂದೊಂದು ಥಪ್ ಕೇಳಿದಾಗಲೂ ಅದು ಪುಟ್ಟಿಯ ಮುಖಕ್ಕೇ ಬಿತ್ತು ಅಂತ ಹೊಟ್ಟೆ ಕಿವುಚುತ್ತಿತ್ತು. ಮೂರು ನಿಮಿಷ ಅಷ್ಟು ಉದ್ದ ಅಂತ ನನಗೆ ಗೊತ್ತಿರಲಿಲ್ಲ. ಕೊನೆಗೆ ತಡೆಯಲಾಗದೆ ಕಣ್ಣು ಬಿಟ್ಟೆ.

ಆಗ ಗೊತ್ತಾಯಿತು. ಆ ಶಬ್ದದಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ಲೌಸ್ ಗ್ಲೌಸಿಗೆ ತಾಗುವ ಶಬ್ದ. ಅವಳು ಎರಡೂ ಕೈ ಕೆನ್ನೆಯ ಹತ್ತಿರ ಇಟ್ಟುಕೊಂಡಿದ್ದಳು, ಪೆಟ್ಟು ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಉಳಿದವು ಗಾಳಿಗೆ. ಅವಳು ಒಂದು ಹೆಜ್ಜೆ ಹಿಂದೆ ಇಟ್ಟರೆ ಸಾಕು, ಎದುರಿನವಳ ಕೈ ಸುಮ್ನೆ ಹೋಗಿ ವಾಪಸ್ ಬರುತ್ತಿತ್ತು. ಕಣ್ಣು ಮುಚ್ಚಿದಾಗ ನಾನು ಎಲ್ಲ ಪೆಟ್ಟನ್ನೂ ಅವಳಿಗೆ ತಿನ್ನಿಸಿದ್ದೆ.

ಅಲ್ಲಿಂದ ಮುಂದೆ ಮುಖ ನೋಡುವುದನ್ನು ಬಿಟ್ಟು ಕಾಲು ನೋಡಿದೆ. ಅದರಿಂದ ನನಗೆ ತುಂಬ ಉಪಕಾರ ಆಯಿತು. ಕಾಲು ಓಡಾಡುತ್ತಿದ್ದರೆ ಅವಳು ಸರಿ ಇದ್ದಾಳೆ. ಮುಂದಿನ ಪಾದ ಮೊದಲು, ಹಿಂದಿನದು ಆಮೇಲೆ, ಎರಡೂ ಒಂದನ್ನೊಂದು ದಾಟುವುದಿಲ್ಲ. ಮನೆಯ ಅಂಗಳದಲ್ಲಿ ಮಲ್ಲಿಗೆ ಗಿಡದ ಸಾಲಿನ ನಡುವೆ ಅವಳು ದಿನಾ ಸಂಜೆ ಹೀಗೇ ಹೆಜ್ಜೆ ಹಾಕುತ್ತಿದ್ದಳು. ಏನೋ ಕುಣಿಯುತ್ತಾಳೆ ಅಂತ ಬಿಟ್ಟಿದ್ದೆ.

ಪಕ್ಕದಲ್ಲಿ ಹಸಿರು ಸೀರೆಯ ಹೆಂಗಸೊಬ್ಬರು ಕೂತಿದ್ದರು. ನನ್ನ ಹಾಗೆ ಸೆರಗಿನ ತುದಿ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಿನಲ್ಲಿ ಒಂದು ವಿಷಯ ಗಮನಕ್ಕೆ ಬಂತು. ನಾನು ಬೆಚ್ಚಿದಾಗ ಅವರು ಬೆಚ್ಚುತ್ತಿರಲಿಲ್ಲ. ಅವರು ಬೆಚ್ಚಿದಾಗ ನಾನು ಬೆಚ್ಚುತ್ತಿರಲಿಲ್ಲ. ಬಿಡುವಿನಲ್ಲಿ ಕೇಳಿದೆ, "ನೀಲಿ ನಿಮ್ಮ ಮಗಳಾ?" ಹೌದು ಅಂದರು. ಹಾಸನದಿಂದ ರಾತ್ರಿ ಬಸ್ಸಿಗೆ ಬಂದಿದ್ದರಂತೆ. ನಾನೂ ಹೇಳಿದೆ. ಇಬ್ಬರಿಗೂ ಏನು ಮಾತಾಡಬೇಕು ಅಂತ ತೋಚಲಿಲ್ಲ. ಅವರು ನೀರಿನ ಬಾಟಲಿ ನನ್ನ ಕಡೆ ನೀಡಿದರು. ಕುಡಿದು ವಾಪಸ್ ಕೊಟ್ಟೆ.

ಮೂರನೇ ಸುತ್ತಿನಲ್ಲಿ ಪುಟ್ಟಿಯ ಬಲಗೈ ಸ್ವಲ್ಪ ಇಳಿದಿತ್ತು. ನನಗೇ ಕಂಡಿತು, ಎದುರಿನವಳಿಗೆ ಕಾಣದೆ ಇರುತ್ತದಾ? ಬಿದ್ದದ್ದು ಸರಿಯಾಗಿ ಕೆನ್ನೆಗೆ. ಕಾಲು ನಿಂತಿತು. ನಾನು ಎದ್ದು ನಿಂತಿದ್ದೆ. ರೆಫರಿ ಕೂಡಲೇ ನಡುವೆ ಬಂದು ನೀಲಿ ಹುಡುಗಿಯನ್ನು ದೂರದ ಮೂಲೆಗೆ ಕಳಿಸಿದರು. ಪುಟ್ಟಿಯ ಮುಖದ ಮುಂದೆ ಬೆರಳು ತೋರಿಸುತ್ತಾ ಎಣಿಸಿದರು. ಎಣಿಸುವಾಗ ಅವರ ಕಣ್ಣು ಅವಳ ಕಣ್ಣು ಬಿಟ್ಟು ಆಚೆ ಈಚೆ ಹೋಗಲಿಲ್ಲ. ಎಂಟಾದ ಮೇಲೆ ಏನೋ ಕೇಳಿದರು. ಅವಳು ಕೈ ಮೇಲೆತ್ತಿ ತಲೆ ಆಡಿಸಿದಳು. ಇಡೀ ಹಾಲ್ ಅವಳ ಉತ್ತರಕ್ಕೆ ಕಾದಿತ್ತು.

ಕೋಳಿಯನ್ನು ಯಾರೂ ಕೇಳಿರಲಿಲ್ಲ.

ಹತ್ತು ಸೆಕೆಂಡು ಉಳಿದಾಗ ಸಮಯ ನೋಡುವವರು ಟಕ್ ಟಕ್ ಅಂತ ಬಡಿದರು. ಅಲ್ಲಿಯವರೆಗೆ ನಾನು ಕೂತಿರಲೇ ಇಲ್ಲ. ಮೂವರು ಜಡ್ಜ್ ನೀಲಿಗೆ ಕೊಟ್ಟಿದ್ದರು, ಇಬ್ಬರು ಕೆಂಪಿಗೆ. ಪುಟ್ಟಿ ಸೋತಳು. ಎದುರಿನ ಹುಡುಗಿಯ ಕೈ ಎತ್ತಿದ ಮೇಲೆ ಇಬ್ಬರೂ ತಬ್ಬಿಕೊಂಡರು. ಪುಟ್ಟಿ ನೀಲಿಯವಳ ಕೋಚ್ ಹತ್ತಿರ ಹೋಗಿ ಕೈ ಮುಟ್ಟಿ ಬಂದಳು. ಹಾಸನದ ಅಮ್ಮ ಅಳುತ್ತಿದ್ದರು, ಗೆದ್ದದ್ದಕ್ಕಲ್ಲ, ಮುಗಿಯಿತಲ್ಲ ಅನ್ನುವುದಕ್ಕೆ. ನಾನು ಅವರ ಬೆನ್ನಿನ ಮೇಲೆ ಕೈ ಇಟ್ಟೆ.

ಡಾಕ್ಟರ್ ಟಾರ್ಚ್ ಹಾಕಿ ಪುಟ್ಟಿಯ ಕಣ್ಣು ನೋಡಿ ಬಿಟ್ಟರು. ಬಸ್ಸಿನಲ್ಲಿ ಸುರತ್ಕಲ್‌ವರೆಗೆ ಅವಳು ಮಾತಾಡಲಿಲ್ಲ. ಆಮೇಲೆ, "ಬಲಗೈ ಇಳಿದದ್ದು ನೋಡಿದೆಯಾ?" ಅಂದಳು.

"ನೋಡಿದೆ. ಎರಡನೇ ಸುತ್ತಿನ ಕೊನೆಯಲ್ಲೇ ಇಳಿಯುತ್ತಿತ್ತು" ಅಂದೆ.

ಅವಳು ತಿರುಗಿ ನನ್ನನ್ನೇ ನೋಡಿದಳು. ಆಮೇಲೆ ಭುಜಕ್ಕೆ ತಲೆ ಕೊಟ್ಟಳು. ನಿದ್ದೆಯಾ, ಮಂಪರಾ ಅಂತ ನಾನು ಕಟಪಾಡಿ ಬರುವವರೆಗೆ ಎರಡು ಸಲ ಎಬ್ಬಿಸಿದೆ. ಆ ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲ.

ಮರುದಿನ ಹೂ ಕೊಯ್ದು ಬಂದ ಮೇಲೆ ಅವಳ ಪಟ್ಟಿಗಳನ್ನು ಒಗೆದು ಅಂಗಳದ ತಂತಿಯ ಮೇಲೆ ಹರವಿದೆ. ಮಧ್ಯಾಹ್ನಕ್ಕೆ ಒಣಗಿದವು. ಅವಳು ಕಾಲೇಜಿನಿಂದ ಬರುವ ಮೊದಲು ಅಂಟು ಪಟ್ಟಿಯ ಕಡೆಯಿಂದ ಶುರು ಮಾಡಿ ಬಿಗಿಯಾಗಿ ಸುತ್ತಿಟ್ಟೆ, ಹೆಬ್ಬೆರಳಿನ ಕುಣಿಕೆ ಹೊರಗೆ ಬರುವ ಹಾಗೆ.