ನಗರದ ಸಣ್ಣ ಸರ್ಕಾರಿ ಪ್ರೌಢಶಾಲೆಗೆ ಮಗುವನ್ನು ಸೇರಿಸುವ ಮುನ್ನ ನೋಡಬೇಕಾದ್ದು

ಏಳನೇ ತರಗತಿ ಮುಗಿಸಿದ ಮಗುವನ್ನು ಎಂಟಕ್ಕೆ ಎಲ್ಲಿ ಸೇರಿಸುವುದು ಎಂಬ ಮಾತು ಬೆಂಗಳೂರಿನ ಮನೆಗಳಲ್ಲಿ ಏಪ್ರಿಲ್ ಬರುತ್ತಿದ್ದಂತೆ ಶುರುವಾಗುತ್ತದೆ. ಪೇಟೆಯ ಗಲ್ಲಿಯಲ್ಲೋ ಬಡಾವಣೆಯ ಮೂಲೆಯಲ್ಲೋ ಇರುವ, ತರಗತಿಗೆ ಒಂದೇ ವಿಭಾಗ, ಒಟ್ಟು ನೂರರ ಆಸುಪಾಸಿನ ಮಕ್ಕಳು, ಹತ್ತಕ್ಕೂ ಕಡಿಮೆ ಶಿಕ್ಷಕರಿರುವ ಸರ್ಕಾರಿ ಪ್ರೌಢಶಾಲೆಯನ್ನು ಕೆಲವರು ನೋಡದೆಯೇ ತಳ್ಳಿಹಾಕುತ್ತಾರೆ, ಇನ್ನು ಕೆಲವರು ಮನೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ಸಾವಿರ ಮಕ್ಕಳ ಶಾಲೆಯನ್ನು ಅಳೆಯುವ ಕೋಲಿನಿಂದ ನೂರು ಮಕ್ಕಳ ಶಾಲೆಯನ್ನು ಅಳೆಯಲಾಗದು. ಇಲ್ಲಿ ಪ್ರತಿ ಅಂಕಿಯ ಹಿಂದೆಯೂ ಹೆಸರು ಹಿಡಿದು ಹೇಳಬಹುದಾದಷ್ಟೇ ಜನರಿರುತ್ತಾರೆ.

ಫಲಿತಾಂಶದ ವಿಷಯದಲ್ಲಿ ಇದು ಕೂಡಲೇ ಅರ್ಥವಾಗುತ್ತದೆ. ಹತ್ತನೇ ತರಗತಿಯಲ್ಲಿ ಇಪ್ಪತ್ತು ಮಕ್ಕಳಿರುವ ಶಾಲೆಯಲ್ಲಿ ಒಂದು ಮಗು ಅನುತ್ತೀರ್ಣವಾದರೆ ಫಲಿತಾಂಶ ಶೇ 5ರಷ್ಟು ಇಳಿಯುತ್ತದೆ. ಹೋದ ವರ್ಷ ಶೇ 95, ಈ ವರ್ಷ ಶೇ 80 ಎಂದರೆ ಶಾಲೆ ಕುಸಿಯಿತೆಂದು ಅರ್ಥವಲ್ಲ, ಮೂರು ಮಕ್ಕಳು ಹೆಚ್ಚಾಗಿ ಎಡವಿದ್ದಾರೆ ಎಂದಷ್ಟೇ. ಆದ್ದರಿಂದ ಶೇಕಡಾವಾರು ಕೇಳದೆ ಎಣಿಕೆ ಕೇಳಬೇಕು, ಅದೂ ಕನಿಷ್ಠ ನಾಲ್ಕೈದು ವರ್ಷಗಳದ್ದನ್ನು. ಹಾಗೆ ಕೇಳುವಾಗ ಆಯಾ ವರ್ಷದ ರಾಜ್ಯದ ಫಲಿತಾಂಶವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. 2023ರಲ್ಲಿ ಎಸ್ಸೆಸ್ಸೆಲ್ಸಿಯ ರಾಜ್ಯ ಫಲಿತಾಂಶ ಶೇ 83.89 ಇತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಅದು ಶೇ 73.40ಕ್ಕೆ ಇಳಿಯಿತು. ಆ ವರ್ಷ ಇಳಿಯದೆ ನಿಂತ ಶಾಲೆಯನ್ನು ನಾನಾದರೆ ಎರಡನೇ ಸಲ ನೋಡುತ್ತೇನೆ. ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯೂ ಆಗಲೇ ಬಂದುದರಿಂದ, ಶಾಲೆಯವರು ಹೇಳುವ ಲೆಕ್ಕ ಪರೀಕ್ಷೆ-1ರದ್ದೋ ಆ ವರ್ಷದ ಎಲ್ಲ ಪರೀಕ್ಷೆಗಳೂ ಮುಗಿದ ಮೇಲಿನದೋ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನ ಪೋಷಕರು ಕೇಳುವುದೇ ಇಲ್ಲ. ಈ ಸಲ ಹತ್ತನೇ ತರಗತಿ ಬರೆದ ತಂಡ ಎಂಟಕ್ಕೆ ಸೇರಿದಾಗ ಎಷ್ಟು ಮಕ್ಕಳಿದ್ದರು? ಮೂವತ್ತೆರಡು ಮಕ್ಕಳು ಸೇರಿ, ಇಪ್ಪತ್ತೊಂದು ಮಕ್ಕಳು ಬರೆದು, ಇಪ್ಪತ್ತೊಂದು ಮಕ್ಕಳೂ ಪಾಸಾಗಿದ್ದರೆ ಅದನ್ನು ನೂರಕ್ಕೆ ನೂರು ಎಂದು ಫಲಕದಲ್ಲಿ ಬರೆಯಬಹುದು. ಆದರೆ ಉಳಿದ ಹನ್ನೊಂದು ಮಕ್ಕಳು ಎಲ್ಲಿ ಹೋದರೆಂಬುದಕ್ಕೆ ಉತ್ತರ ಬೇಕು. ನಗರದಲ್ಲಿ ಬಾಡಿಗೆ ಮನೆ ಬದಲಾಗುತ್ತದೆ, ಕಟ್ಟಡ ಕೆಲಸದ ಕುಟುಂಬಗಳು ಊರಿಗೆ ಮರಳುತ್ತವೆ, ಹಾಗಾಗಿ ಟಿ.ಸಿ. ತೆಗೆದುಕೊಂಡು ಹೋಗುವುದು ತಪ್ಪೇನಲ್ಲ. ಹೋದ ಮಕ್ಕಳ ಹೆಸರು, ಹೋದ ಊರು ಮುಖ್ಯೋಪಾಧ್ಯಾಯರ ಬಾಯಲ್ಲಿ ಸಲೀಸಾಗಿ ಬಂದರೆ ಆ ಶಾಲೆ ಮಕ್ಕಳನ್ನು ಗಮನಿಸುತ್ತಿದೆ ಎಂದು ತಿಳಿಯಬಹುದು. ಅಂಕಗಳ ಹಂಚಿಕೆಯನ್ನೂ ಕೇಳಿ: 625ಕ್ಕೆ 500 ದಾಟಿದವರೆಷ್ಟು, ಗಣಿತದಲ್ಲೂ ವಿಜ್ಞಾನದಲ್ಲೂ ಅಂಚಿನಲ್ಲಿ ಪಾರಾದವರೆಷ್ಟು ಎಂಬುದು ಪಿಯುಸಿಯ ಹೊಸ್ತಿಲಲ್ಲಿ ಎದುರಾಗುವ ಸಂಗತಿ.

ಇನ್ನು ಶಿಕ್ಷಕರು. ನನ್ನ ಮಟ್ಟಿಗೆ ಇಡೀ ಪರಿಶೀಲನೆಯ ಅರ್ಧಭಾಗ ಇಲ್ಲೇ ಮುಗಿಯುತ್ತದೆ. ಸಣ್ಣ ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಒಂದು ವಿಷಯಕ್ಕೆ ಒಬ್ಬರೇ ಶಿಕ್ಷಕರು: ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನಕ್ಕೆ ತಲಾ ಒಬ್ಬರು, ಗಣಿತ ಮತ್ತು ಭೌತವಿಜ್ಞಾನಕ್ಕೆ ಪಿಸಿಎಂ (ಪದವಿಯಲ್ಲಿ ಭೌತ, ರಸಾಯನ, ಗಣಿತ ಓದಿದ) ಶಿಕ್ಷಕರು, ಜೀವವಿಜ್ಞಾನಕ್ಕೆ ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ ಓದಿದ) ಶಿಕ್ಷಕರು, ಪುಣ್ಯವಿದ್ದರೆ ದೈಹಿಕ ಶಿಕ್ಷಣಕ್ಕೊಬ್ಬರು. ದೊಡ್ಡ ಶಾಲೆಯಲ್ಲಿ ಒಬ್ಬ ಗಣಿತ ಶಿಕ್ಷಕರು ವರ್ಗವಾದರೆ ಇನ್ನೊಬ್ಬರು ತೂಗಿಸುತ್ತಾರೆ. ಇಲ್ಲಿ ಪಿಸಿಎಂ ಶಿಕ್ಷಕರು ಹೋದರೆಂದರೆ ಮೂರು ತರಗತಿಗಳ ಗಣಿತವೂ ಅವರ ಜೊತೆಗೇ ಹೋಯಿತು. ಆದ್ದರಿಂದ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಅದರಲ್ಲಿ ಬೇರೆ ಕಡೆಗೆ ನಿಯೋಜನೆಯ ಮೇಲೆ ಹೋದವರೆಷ್ಟು, ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಯಾವ ತಿಂಗಳಲ್ಲಿ ಬಂದರು ಎಂದು ಬಿಡಿಸಿ ಕೇಳಬೇಕು. ಅತಿಥಿ ಶಿಕ್ಷಕರೆಂದರೆ ಕಡಿಮೆಯವರೆಂದು ತಿಳಿಯಬೇಕಿಲ್ಲ. ಅವರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ. ತೊಂದರೆ ಇರುವುದು ಅವರ ನೇಮಕಾತಿ ತಡವಾಗಿ, ಜೂನ್‌ನಿಂದ ಪಾಠವೇ ಇಲ್ಲದೆ ಕಳೆದ ವಾರಗಳಲ್ಲಿ.

ಮಾತಿನಲ್ಲಿ ಕೇಳಿದ್ದನ್ನು ವೇಳಾಪಟ್ಟಿಯಲ್ಲಿ ತಾಳೆ ನೋಡಬಹುದು. ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯ ಮೇಲೆ ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ. ಗಣಿತದ ಅವಧಿಗಳ ಎದುರು ಯಾರ ಹೆಸರಿದೆ, ಆ ಹೆಸರಿನವರು ಅಂದು ಶಾಲೆಯಲ್ಲಿದ್ದಾರೆಯೇ ಎಂಬುದು ಎರಡು ನಿಮಿಷದ ಕೆಲಸ. ಶಿಕ್ಷಕರ ಮೇಲೆ ಬೀಳುವ ಇತರೆ ಕೆಲಸಗಳ ಲೆಕ್ಕವನ್ನೂ ಮರೆಯಬಾರದು. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ತೊಡಗಿಸಿ ದಸರಾ ರಜೆಯನ್ನು ವಿಸ್ತರಿಸಲಾಗಿತ್ತು. ಆಗ ಕಳೆದ ಅವಧಿಗಳನ್ನು ಹೇಗೆ ತುಂಬಿಸಿಕೊಂಡಿರಿ ಎಂದು ಕೇಳಿದರೆ, ಶನಿವಾರದ ವಿಶೇಷ ತರಗತಿಗಳ ವಿವರ ಹೇಳುವ ಶಾಲೆಗೂ ಸುತ್ತೋಲೆಯ ಕಡೆ ಬೆರಳು ತೋರಿಸುವ ಶಾಲೆಗೂ ಇರುವ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಶಾಲೆಗೆ ಹೋಗುವ ಮೊದಲು ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವೊಂದಿದೆ. ದೇಶದ ಶಾಲೆಗಳ ಮಾಹಿತಿ ಸಂಗ್ರಹಿಸುವ ಯುಡೈಸ್ ವ್ಯವಸ್ಥೆಯಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇರುತ್ತದೆ. ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯನ್ನು ಹುಡುಕಿದರೆ ತರಗತಿವಾರು ದಾಖಲಾತಿ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯಗಳ ವಿವರ ಸಿಗುತ್ತದೆ. ಈ ವಿವರ ತುಂಬುವವರು ಶಾಲೆಯವರೇ ಆದ್ದರಿಂದ ಇದನ್ನು ಪ್ರಮಾಣಪತ್ರವೆಂದು ಓದದೆ, ಭೇಟಿಯ ದಿನ ತಾಳೆ ನೋಡುವ ಪಟ್ಟಿಯೆಂದು ಓದಬೇಕು. ಮೂರು ಶೌಚಾಲಯ ಎಂದು ಬರೆದಿದ್ದರೆ ಮೂರಕ್ಕೂ ನೀರು ಬರುತ್ತದೆಯೇ, ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಗಟ್ಟಿಯಾಗಿದೆಯೇ ಎಂದು ಮನೆಯ ಹೆಂಗಸರೊಬ್ಬರು ಒಳಗೆ ಹೋಗಿ ನೋಡಲಿ.

ಭೇಟಿಗೆ ಸ್ವಾತಂತ್ರ್ಯ ದಿನಾಚರಣೆಯೋ ವಾರ್ಷಿಕೋತ್ಸವವೋ ತಕ್ಕ ದಿನವಲ್ಲ. ಅಂದು ಎಲ್ಲ ಶಾಲೆಗಳೂ ಸುಂದರವೇ. ಮುಂದಿನ ವರ್ಷ ಸೇರಿಸುವುದಾದರೆ ಈ ವರ್ಷದ ನವೆಂಬರ್‌ನ ಯಾವುದಾದರೂ ಮಂಗಳವಾರವೋ ಬುಧವಾರವೋ ಹನ್ನೊಂದು ಗಂಟೆಗೆ, ಅನುಮತಿ ಕೇಳಿಕೊಂಡು ಹೋಗಿ. ಶಿಕ್ಷಕರಿಲ್ಲದ ತರಗತಿ ಎಷ್ಟಿದೆ ಎಂದು ಕಾರಿಡಾರಿನಲ್ಲಿ ನಡೆದರೆ ಸಾಕು, ಗೊತ್ತಾಗುತ್ತದೆ. ಒಂಬತ್ತನೇ ತರಗತಿಯ ಮಗುವೊಂದರ ಗಣಿತದ ನೋಟ್‌ಬುಕ್ ನೋಡಲು ಕೇಳಿ, ಮುಂಚೂಣಿಯ ವಿದ್ಯಾರ್ಥಿಯದಲ್ಲ, ಹಿಂದಿನ ಬೆಂಚಿನವರದ್ದು. ಕೆಂಪು ಶಾಯಿ ತಪ್ಪಾದ ಹೆಜ್ಜೆಯ ಮೇಲೆ ಬಿದ್ದಿದೆಯೋ, ಪುಟದ ತುದಿಯಲ್ಲಿ ಬರೀ ಸಹಿಯಾಗಿ ಉಳಿದಿದೆಯೋ ಎಂಬುದರಲ್ಲಿ ಶಾಲೆಯ ಮುಕ್ಕಾಲು ಚರಿತ್ರೆ ಇರುತ್ತದೆ. ಪ್ರಯೋಗಾಲಯ ಪ್ರತ್ಯೇಕ ಕೊಠಡಿಯಲ್ಲಿ ಇರದೆ ಒಂದು ಬೀರುವಿನಲ್ಲಿ ಇದ್ದರೂ ಚಿಂತೆಯಿಲ್ಲ, ಬೀರುವಿನ ಮೇಲೆ ದೂಳು ಇರಬಾರದು. ಆಟದ ಮೈದಾನ ಪೇಟೆಯ ಶಾಲೆಗಳಲ್ಲಿ ಇರುವುದೇ ಅಪರೂಪ. ಹತ್ತಿರದ ಪಾಲಿಕೆ ಮೈದಾನಕ್ಕೆ ಮಕ್ಕಳನ್ನು ಕರೆದೊಯ್ಯುತ್ತಾರೆಯೇ ಎಂದು ಕೇಳಿದರಾಯಿತು.

ಮಾಧ್ಯಮದ ಪ್ರಶ್ನೆಗೆ ಬಂದರೆ ಸ್ವಲ್ಪ ನಿಧಾನಿಸಬೇಕು. ಎಂಟಕ್ಕೆ ಬರುವಾಗ ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆಸೆ ಅನೇಕರಿಗಿದೆ. ಸಣ್ಣ ಶಾಲೆಯಲ್ಲಿ ಎರಡೂ ಮಾಧ್ಯಮಗಳಿವೆ ಎಂದು ಹೇಳಿದರೂ ಮಕ್ಕಳು ಕೂರುವುದು ಒಂದೇ ಕೊಠಡಿಯಲ್ಲಿರಬಹುದು. ಹಾಗಿದ್ದಲ್ಲಿ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ, ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿರುತ್ತದೆ ಎಂದು ನೇರವಾಗಿ ಕೇಳಿ. ಇನ್ನೊಂದು ಸಂಗತಿ ಅನೇಕರಿಗೆ ತಡವಾಗಿ ತಿಳಿಯುತ್ತದೆ. ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿರುವ ಕನ್ನಡ ಮಾಧ್ಯಮ ಕೋಟಾಕ್ಕೂ ಗ್ರಾಮೀಣ ಕೋಟಾಕ್ಕೂ 1ರಿಂದ 10ನೇ ತರಗತಿಯವರೆಗಿನ ಹತ್ತು ವರ್ಷಗಳನ್ನೂ ಲೆಕ್ಕ ಹಿಡಿಯಲಾಗುತ್ತದೆ. ಎಂಟರಲ್ಲಿ ಮಾಧ್ಯಮ ಬದಲಿಸಿದ ಮಗು ಮೊದಲನೆಯದನ್ನೂ, ಹಳ್ಳಿಯಲ್ಲಿ ಏಳು ಮುಗಿಸಿ ನಗರಕ್ಕೆ ಬಂದ ಮಗು ಎರಡನೆಯದನ್ನೂ ಬಿಟ್ಟುಕೊಡುತ್ತದೆ. ಬದಲಿಸಬಾರದೆಂದು ಇದರ ಅರ್ಥವಲ್ಲ. ಬಿಟ್ಟುಕೊಟ್ಟದ್ದು ಏನೆಂದು ತಿಳಿದು ಬದಲಿಸಬೇಕು.

ನಗರದ ಸರ್ಕಾರಿ ಶಾಲೆಯ ಒಂದೇ ಬೆಂಚಿನಲ್ಲಿ ಕನ್ನಡ, ಉರ್ದು, ತೆಲುಗು, ತಮಿಳು, ಹಿಂದಿ ಮನೆಮಾತಿನ ಮಕ್ಕಳು ಕೂರುವುದು ಸಾಮಾನ್ಯ. ಹಿಂದುಳಿದು ಬಂದ ಮಗುವನ್ನು ಶಾಲೆ ಹೇಗೆ ಮೇಲೆತ್ತುತ್ತದೆ ಎಂಬುದು ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಜೂನ್‌ನ ಸೇತುಬಂಧ ಕಾರ್ಯಕ್ರಮದಲ್ಲಿ ಗೊತ್ತಾಗುತ್ತದೆ. ಅದರ ಆರಂಭದ ಪೂರ್ವ ಪರೀಕ್ಷೆ ಮತ್ತು ಕೊನೆಯ ಸಾಫಲ್ಯ ಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ತೋರಿಸಲು ಕೇಳಬಹುದು. ಮುಂದಿರುವ ಮಗುವಿಗೆ ಶಾಲೆ ಏನು ಮಾಡುತ್ತದೆಂಬುದಕ್ಕೆ ಎನ್‌ಎಂಎಂಎಸ್ ಒಳ್ಳೆಯ ಸುಳಿವು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗಾಗಿ ಎಂಟನೇ ತರಗತಿಯಲ್ಲಿ ನಡೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ ₹12,000 ವಿದ್ಯಾರ್ಥಿವೇತನ ಸಿಗುತ್ತದೆ. ಎಷ್ಟು ಮಕ್ಕಳು ಆಯ್ಕೆಯಾದರು ಎನ್ನುವುದಕ್ಕಿಂತ ಎಷ್ಟು ಮಕ್ಕಳನ್ನು ಕೂರಿಸಿದರು ಎಂದು ಕೇಳುವುದು ನ್ಯಾಯ.

ಬಿಸಿಯೂಟ ಹತ್ತನೇ ತರಗತಿಯವರೆಗೂ ಇದೆ, ಪಠ್ಯಪುಸ್ತಕ, ಸಮವಸ್ತ್ರ ಉಚಿತ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳ ಬಸ್ ಪ್ರಯಾಣವೂ ಉಚಿತವಾಗಿರುವುದರಿಂದ ಎರಡು ಮೈಲಿ ಆಚೆಗಿನ ಒಳ್ಳೆಯ ಶಾಲೆಯನ್ನು ದೂರವೆಂದು ಬಿಡಬೇಕಿಲ್ಲ. ಆದರೆ ಸಂಜೆ ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಆ ದಾರಿಯಲ್ಲಿ ಬಸ್ ಸಿಗುತ್ತದೆಯೇ ಎಂದು ಒಮ್ಮೆ ನಿಂತು ನೋಡಿ.

ಕೊನೆಗೆ ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ ನಿಂತ ತಾಯಂದಿರನ್ನೂ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಪೋಷಕ ಸದಸ್ಯರೊಬ್ಬರನ್ನೂ ಮಾತನಾಡಿಸಬೇಕು. ಸಭೆ ಕೊನೆಯ ಸಲ ಯಾವಾಗ ನಡೆಯಿತು, ಅಲ್ಲಿ ಏನು ತೀರ್ಮಾನವಾಯಿತು ಎಂದು ಸದಸ್ಯರಿಗೆ ನೆನಪಿರಬೇಕು. ಇಷ್ಟೆಲ್ಲ ನೋಡಿ ಒಪ್ಪಿಗೆಯಾದರೂ, ಹಳೆಯ ಶಾಲೆಯಿಂದ ಟಿ.ಸಿ. ತೆಗೆಯುವ ದಿನ ಹೊಸ ಶಾಲೆಗೆ ಇನ್ನೊಮ್ಮೆ ಹೋಗಿ, ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ನಿಮಗೆ ಮೆಚ್ಚುಗೆಯಾದ ಗಣಿತದ ಶಿಕ್ಷಕರು ಅಲ್ಲೇ ಉಳಿದಿದ್ದಾರೆಯೇ, ಉಳಿಯದಿದ್ದರೆ ಅವರ ಜಾಗಕ್ಕೆ ಯಾರು ಬರುತ್ತಾರೆ ಎಂದು ಕೇಳಿಕೊಂಡೇ ಅರ್ಜಿಗೆ ಸಹಿ ಹಾಕಿ.