ನಾಲ್ಕು ಗೇರಿನ ಆಟೊಮ್ಯಾಟಿಕ್, ಎಂಟು ಗೇರಿನ ಆಟೊಮ್ಯಾಟಿಕ್: ಬಿಚ್ಚಿ ನೋಡಿದ ಮೇಲೆ ಕಂಡದ್ದು

ಹಳೆಯ ನಾಲ್ಕು ಗೇರಿನ ಆಟೊಮ್ಯಾಟಿಕ್ ಸವೆಯತೊಡಗಿದರೆ ಸ್ಟಿಯರಿಂಗ್ ಹಿಡಿದವರಿಗೇ ಮೊದಲು ಗೊತ್ತಾಗುತ್ತದೆ. ಬೆಳಿಗ್ಗೆ ಡಿಗೆ ಹಾಕಿದರೆ ಗೇರ್ ಬೀಳಲು ತಡ, ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಕೂಗಿ ಇಳಿಯುವುದು, ರಿವರ್ಸ್‌ನಲ್ಲಿ ಒಂದು ಒದೆತ. ಹೊಸ ಎಂಟು ಗೇರಿನದು ಹಾಗಲ್ಲ. ಒಳಗೆ ಕ್ಲಚ್ ಪ್ಲೇಟ್ ಸವೆಯುತ್ತಿದ್ದರೂ ಗೇರ್ ಬೆಣ್ಣೆಯಂತೆ ಬೀಳುತ್ತಲೇ ಇರುತ್ತದೆ, ಏಕೆಂದರೆ ಸವೆತವನ್ನು ಕಂಪ್ಯೂಟರ್ ಆಯಿಲ್ ಒತ್ತಡ ಹೆಚ್ಚಿಸಿ ಸರಿದೂಗಿಸುತ್ತಿರುತ್ತದೆ. ಸರಿದೂಗಿಸುವ ಮಿತಿ ಮುಗಿದ ದಿನ ಎಲ್ಲ ಒಟ್ಟಿಗೆ ಹೊರಬೀಳುತ್ತದೆ. ಆದ್ದರಿಂದ ಎರಡನ್ನೂ ಒಂದೇ ರೀತಿ ಪರೀಕ್ಷೆ ಮಾಡಲು ಬರುವುದಿಲ್ಲ. ಹಳೆಯದಕ್ಕೆ ಕಾಲು, ಕಿವಿ, ಗಡಿಯಾರ ಸಾಕು. ಹೊಸದಕ್ಕೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇಲ್ಲದೆ ಬಾಯಿ ಬಿಡಬಾರದು.

ಉದಾಹರಣೆಗೆ ಎರಡು ಗೇರ್‌ಬಾಕ್ಸ್ ತೆಗೆದುಕೊಳ್ಳುತ್ತೇನೆ. ಒಂದು, 1980ರ ದಶಕದಲ್ಲಿ ಬಂದ ಐಸಿನ್ ತಯಾರಿಕೆಯ ಎ340. ಟೊಯೊಟಾದ ಹೈಲಕ್ಸ್, ಪ್ರಾಡೊಗಳಲ್ಲೂ ಹಳೆಯ ಜೀಪ್ ಚೆರೋಕಿಯಲ್ಲೂ ಇದ್ದದ್ದು ಇದೇ ಕುಟುಂಬ. ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದ ನಮ್ಮ ಮಂಗಳೂರು, ಉಡುಪಿ ಕಡೆಯ ಮೆಕ್ಯಾನಿಕ್‌ಗಳಿಗೆ ಇದು ಅಂಗೈ ಗೆರೆಯಷ್ಟೇ ಪರಿಚಿತ. ಇನ್ನೊಂದು, 2009ರಲ್ಲಿ ಬಿಎಂಡಬ್ಲ್ಯು 760 ಎಲ್‌ಐ ಜೊತೆ ಬಂದ ಜೆಡ್‌ಎಫ್ 8ಎಚ್‌ಪಿ. ಇಂದು ಬೆಂಗಳೂರಿನ ಯಾವ ಸಿಗ್ನಲ್‌ನಲ್ಲಿ ನಿಂತರೂ ಒಂದೆರಡು ಕಾಣುವಷ್ಟು ಹಬ್ಬಿದೆ.

ನಯಗಾರಿಕೆಯ ಅರ್ಧ ಗುಟ್ಟು ಗೇರ್ ಅನುಪಾತದಲ್ಲೇ, ಅಂದರೆ ಒಳಗೆ ಎಷ್ಟು ಸುತ್ತಿಗೆ ಹೊರಗೆ ಒಂದು ಸುತ್ತು ಎಂಬ ಲೆಕ್ಕದಲ್ಲೇ ಇದೆ. ಎ340ರ ಅನುಪಾತಗಳು 2.804, 1.531, 1.000, 0.705. ಮೂರು ಸಾವಿರ ಆರ್‌ಪಿಎಂನಲ್ಲಿ ಒಂದರಿಂದ ಎರಡಕ್ಕೆ ಹೋದರೆ ಎಂಜಿನ್ ಸುಮಾರು 1,640ಕ್ಕೆ ಬೀಳಬೇಕು. 8ಎಚ್‌ಪಿಯ ಒಂದು ಸಾಮಾನ್ಯ ಆವೃತ್ತಿಯಲ್ಲಿ ಮೊದಲ ನಾಲ್ಕು ಗೇರು 4.696, 3.130, 2.104, 1.667. ಅಲ್ಲಿ ಒಂದರಿಂದ ಎರಡಕ್ಕೆ 2,000ಕ್ಕೆ ಇಳಿದರೆ ಸಾಕು, ಮೂರರಿಂದ ನಾಲ್ಕಕ್ಕೆ 2,380ರ ಆಸುಪಾಸು. ಬೀಳುವ ಎತ್ತರವೇ ಕಡಿಮೆ, ಆದ್ದರಿಂದ ಒದೆತವೂ ಕಡಿಮೆ. ಇದಕ್ಕೆ ಯಾವ ಜಾಣ ಸಾಫ್ಟ್‌ವೇರೂ ಬೇಕಾಗಿಲ್ಲ.

ಇನ್ನರ್ಧ, ಗೇರ್ ಬದಲಾಗುವ ರೀತಿ. ಎ340ರಲ್ಲಿ ಡಿ ಸ್ಥಾನದಲ್ಲಿ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ಹೊಸದಾಗಿ ಒಂದೇ ಕ್ಲಚ್ ಅಥವಾ ಬ್ರೇಕ್ ಹಿಡಿಯುತ್ತದೆ. ಹಿಂದಿನ ಗೇರನ್ನು ಬಿಡುವ ಕೆಲಸ ಒಂದೇ ದಿಕ್ಕಿಗೆ ತಿರುಗಲು ಬಿಡುವ ಒನ್‌ವೇ ಕ್ಲಚ್‌ನದು. ಅದು ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಹೊಂದಾಣಿಕೆಯ ಗೋಜೇ ಇಲ್ಲ. ಹಿಡಿತವನ್ನು ಮೆತ್ತಗಾಗಿಸಲು ಸ್ಪ್ರಿಂಗ್ ಇರುವ ಅಕ್ಯುಮ್ಯುಲೇಟರ್ ಪಿಸ್ಟನ್‌ಗಳಿವೆ, ಅಷ್ಟೆ. 8ಎಚ್‌ಪಿಯಲ್ಲಿ ನಾಲ್ಕು ಪ್ಲಾನೆಟರಿ ಸೆಟ್ (ನಡುವಿನ ಹಲ್ಲುಚಕ್ರದ ಸುತ್ತ ಚಿಕ್ಕವು ತಿರುಗುವ ಗೇರ್ ಗುಂಪು), ಐದು ಹಿಡಿತಗಳು: ಎ, ಬಿ ಬ್ರೇಕುಗಳು, ಸಿ, ಡಿ, ಇ ಕ್ಲಚ್‌ಗಳು. ಯಾವ ಗೇರಿನಲ್ಲೂ ಮೂರು ಹಿಡಿದಿರುತ್ತವೆ, ಎರಡು ಮಾತ್ರ ತೆರೆದಿರುತ್ತವೆ. ತೆರೆದ ಪ್ಲೇಟ್‌ಗಳೇ ಆಯಿಲ್‌ನಲ್ಲಿ ಉಜ್ಜಿ ಶಕ್ತಿ ತಿನ್ನುವುದರಿಂದ ಎರಡೇ ತೆರೆದಿರುವುದು ಇಂಧನಕ್ಕೆ ಲಾಭ. ಆದರೆ ಗೇರ್ ಬದಲಾಗುವಾಗ ಒಂದು ಬಿಡುವ ಕ್ಷಣಕ್ಕೇ ಇನ್ನೊಂದು ಹಿಡಿಯಬೇಕು. ಜೆಡ್‌ಎಫ್ ಹೇಳುವಂತೆ ಇಡೀ ಬದಲಾವಣೆಗೆ 200 ಮಿಲಿಸೆಕೆಂಡ್. ಹಿಡಿತ ಮೊದಲಾದರೆ ಎರಡೂ ಜಗ್ಗಾಡಿ ಧಡ್ ಎನ್ನುತ್ತದೆ, ತಡವಾದರೆ ಎಂಜಿನ್ ಕೂಗುತ್ತದೆ. ಈ ಸಮಯ ತಪ್ಪದಂತೆ ಪ್ರತಿ ಕ್ಲಚ್‌ನ ತುಂಬುವ ಸಮಯ, ತುಂಬುವ ಒತ್ತಡ ಎರಡನ್ನೂ ಕಂಪ್ಯೂಟರ್ ಕಲಿಯುತ್ತಾ ತಿದ್ದುತ್ತಾ ಹೋಗುತ್ತದೆ. ನಯವೂ ಅಲ್ಲೇ, ಮರೆಮಾಚುವಿಕೆಯೂ ಅಲ್ಲೇ.

ಹಳೆಯದಕ್ಕೆ ನಾನು ಮಾಡುವ ಕ್ರಮ ಇದು. ಮೊದಲು ಆಯಿಲ್. ಗಾಡಿ ಓಡಿಸಿ ಆಯಿಲ್ 70–80 ಡಿಗ್ರಿಗೆ ಬಂದ ಮೇಲೆ, ಸಮತಟ್ಟಾದ ನೆಲದಲ್ಲಿ, ಎಂಜಿನ್ ಐಡಲ್‌ನಲ್ಲಿರುವಾಗಲೇ, ಬ್ರೇಕ್ ತುಳಿದು ಲಿವರ್ ಅನ್ನು ಪಿಯಿಂದ ಎಲ್ ತನಕ ಎಲ್ಲ ಸ್ಥಾನಕ್ಕೂ ಒಯ್ದು ಮತ್ತೆ ಪಿಗೆ ತಂದು ಡಿಪ್‌ಸ್ಟಿಕ್ ನೋಡುತ್ತೇನೆ. ಬಿಳಿ ಬಟ್ಟೆಗೆ ಒರೆಸಿದರೆ ಕಂದು ಬಣ್ಣ ಪರವಾಗಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟ್ ಹೋಗಿದೆ. ಗುಲಾಬಿ ಹಾಲಿನಂತಿದ್ದರೆ ರೇಡಿಯೇಟರಿನ ತಳದ ಟ್ಯಾಂಕಿನಲ್ಲಿರುವ ಕೂಲರ್ ಒಡೆದು ಕೂಲಂಟ್ ಸೇರಿದೆ. ಆಗ ಆಯಿಲ್ ಬದಲಾಯಿಸಿ ಪ್ರಯೋಜನವಿಲ್ಲ. ನೀರು, ಗ್ಲೈಕಾಲ್ ಎರಡೂ ಪ್ಲೇಟಿನ ಪದರವನ್ನು ಹಿಡಿದಿರುವ ಅಂಟನ್ನು ಬಿಡಿಸುತ್ತವೆ. ರೇಡಿಯೇಟರ್ ಬದಲಾಯಿಸಿ, ಗೇರ್‌ಬಾಕ್ಸ್ ಬಿಚ್ಚಲೇಬೇಕು. ಹಳೆಯ ಗಾಡಿಗೆ ರೇಡಿಯೇಟರ್ ಮುಂಚಿತವಾಗಿಯೇ ಬದಲಾಯಿಸುವುದು ಗೇರ್‌ಬಾಕ್ಸ್‌ಗೆ ಮಾಡಿಸುವ ಅತಿ ಅಗ್ಗದ ವಿಮೆ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಸಮಯದ ಪರೀಕ್ಷೆ. ಹ್ಯಾಂಡ್‌ಬ್ರೇಕ್ ಎಳೆದು ಎನ್‌ನಿಂದ ಡಿಗೆ ಹಾಕಿ, ಹಿಡಿತದ ತಳ್ಳು ಬರುವವರೆಗೆ ಸ್ಟಾಪ್‌ವಾಚ್. 1.2 ಸೆಕೆಂಡಿನೊಳಗೆ ಬರಬೇಕು. ಎನ್‌ನಿಂದ ಆರ್‌ಗೆ 1.5 ಸೆಕೆಂಡ್. ಪ್ರತಿಸಲ ನಡುವೆ ಒಂದು ನಿಮಿಷ ಬಿಟ್ಟು, ಮೂರು ಸಲ ನೋಡಿ ಸರಾಸರಿ. ನಂತರ ಸ್ಟಾಲ್ ಪರೀಕ್ಷೆ: ನಾಲ್ಕೂ ಚಕ್ರಕ್ಕೆ ಅಡ್ಡ ಇಟ್ಟು, ಬ್ರೇಕ್ ಪೂರ್ತಿ ತುಳಿದು, ಡಿಯಲ್ಲಿ ಆಕ್ಸಿಲರೇಟರ್ ಪೂರ್ತಿ. ಐದು ಸೆಕೆಂಡಿಗಿಂತ ಹೆಚ್ಚು ಬೇಡ, ಮುಂದೆ ಯಾರೂ ನಿಲ್ಲಬಾರದು. ಸಿಕ್ಕ ಆರ್‌ಪಿಎಂ ಅನ್ನು ಆ ಎಂಜಿನ್ನಿನ ಕೈಪಿಡಿಯ ಅಂಕಿಗೆ ಹೋಲಿಸಬೇಕು. ಡಿ, ಆರ್ ಎರಡರಲ್ಲೂ ಹೆಚ್ಚಿದ್ದರೆ ಒಟ್ಟಾರೆ ಒತ್ತಡವೇ ಕಡಿಮೆ: ಆಯಿಲ್ ಮಟ್ಟ, ಫಿಲ್ಟರ್, ಕೇಬಲ್, ಪಂಪ್ ಈ ಕ್ರಮದಲ್ಲಿ ನೋಡಿ. ಡಿಯಲ್ಲಿ ಮಾತ್ರ ಹೆಚ್ಚಿದ್ದರೆ ಫಾರ್ವರ್ಡ್ ಕ್ಲಚ್ ಅಥವಾ ಒನ್‌ವೇ ಕ್ಲಚ್. ಆರ್‌ನಲ್ಲಿ ಮಾತ್ರವಾದರೆ ಡೈರೆಕ್ಟ್ ಕ್ಲಚ್ ಅಥವಾ ರಿವರ್ಸ್ ಬ್ರೇಕ್. ಎರಡರಲ್ಲೂ ಕಡಿಮೆ ಇದ್ದರೆ ಎಂಜಿನ್ನಿಗೇ ಶಕ್ತಿಯಿಲ್ಲ, ಇಲ್ಲವೇ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗಿನ ಸ್ಟೇಟರ್ ಜಾರುತ್ತಿದೆ.

ಥ್ರಾಟಲ್ ಕೇಬಲ್ ಇರುವ ಆವೃತ್ತಿಯಲ್ಲಿ ಬೇರೆ ಏನನ್ನೂ ಮುಟ್ಟುವ ಮುಂಚೆ ಅದನ್ನೇ ನೋಡಬೇಕು. ಆಕ್ಸಿಲರೇಟರ್ ಪೂರ್ತಿ ತುಳಿದಾಗ ರಬ್ಬರ್ ಬೂಟಿನ ತುದಿಗೂ ಕೇಬಲ್ ಮೇಲಿನ ಸ್ಟಾಪರ್‌ಗೂ ನಡುವೆ 0–1 ಮಿಲಿಮೀಟರ್ ಇರಬೇಕು. ಈ ಕೇಬಲ್ಲೇ ಆಯಿಲ್ ಒತ್ತಡವನ್ನು ನಿರ್ಧರಿಸುತ್ತದೆ. ಸಡಿಲವಾದರೆ ಗೇರ್ ಮೆತ್ತಗೆ ಬೀಳುತ್ತದೆ. ಮಾಲೀಕರಿಗೆ ಅದು ಹಿತವೆನಿಸುತ್ತದೆ, ಒಳಗೆ ಮಾತ್ರ ಪ್ಲೇಟ್ ಜಾರಿ ಸುಡುತ್ತಿರುತ್ತದೆ. ಬಿಗಿಯಾದರೆ ಒದ್ದಂತೆ ಬೀಳುತ್ತದೆ. ಆಯಿಲ್ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್‌ಗಳಾದ ಶಿಫ್ಟ್ ಸೊಲೆನಾಯ್ಡ್‌ಗಳಿಗೆ ಮೀಟರ್ ಹಿಡಿದರೆ 11–15 ಓಮ್ ತೋರಿಸಬೇಕು. ಕೆಟ್ಟಿದ್ದರೆ ಪ್ಯಾನ್ ಇಳಿಸಿ ಅದೊಂದನ್ನೇ ಬದಲಾಯಿಸಬಹುದು. ಹಳೆಯದರ ಗಟ್ಟಿತನ ಎಂದು ಜನ ಹೇಳುವುದರಲ್ಲಿ ಬಹುಪಾಲು ಇದೇ: ಕೆಡುವುದಿಲ್ಲ ಎಂದಲ್ಲ, ಕೆಟ್ಟದ್ದನ್ನು ಮಾತ್ರ ಬದಲಾಯಿಸಬಹುದು.

ಆಯಿಲ್ ಬದಲಾವಣೆಗೆ ನಾನು ಒತ್ತಡದ ಫ್ಲಶಿಂಗ್ ಯಂತ್ರ ಬಳಸುವುದಿಲ್ಲ. ವರ್ಷಗಟ್ಟಲೆ ಕೂತ ಕೊಳೆ ಒಮ್ಮೆಲೇ ಎದ್ದು, ಆಯಿಲ್ ಹಂಚುವ ವಾಲ್ವ್ ಬಾಡಿಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಯಾನ್‌ನಿಂದ ಬಂದಷ್ಟನ್ನು ಅಳತೆಯ ಜಗ್ಗಿನಲ್ಲಿ ಹಿಡಿದು ಅಷ್ಟೇ ಹೊಸದು ಸುರಿಯುವುದು, ಕೆಲವು ದಿನ ಓಡಿಸಿ ಮತ್ತೆ ಮಾಡುವುದು. ಕನ್ವರ್ಟರ್‌ನಲ್ಲಿರುವುದು ಕೆಳಗೆ ಬರುವುದಿಲ್ಲವಲ್ಲ. ಒಟ್ಟು 7.5 ಲೀಟರಿನಲ್ಲಿ ಒಂದು ಸಲಕ್ಕೆ 3 ಲೀಟರ್ ಬಂದರೆ ಮೂರು ಸಲದಲ್ಲಿ ಶೇ 78ರಷ್ಟು ಹೊಸದಾಗುತ್ತದೆ. ಪ್ಯಾನಿನ ಅಯಸ್ಕಾಂತದ ಮೇಲೆ ನುಣುಪಾದ ಬೂದು ಲೇಪ ಇದ್ದರೆ ಸಹಜ. ಸೂಜಿಯಂಥ ಚೂರು ಬೇರಿಂಗ್ ಅಥವಾ ಗೇರಿನದು, ಹೊಂಬಣ್ಣದ್ದು ಬುಶ್, ಕಪ್ಪು ಕಾಳು ಪ್ಲೇಟಿನದು.

ಇನ್ನು ಹೊಸದು. ಸ್ಟಾಲ್ ಪರೀಕ್ಷೆ ಇಲ್ಲಿ ವ್ಯರ್ಥ. ಬ್ರೇಕ್, ಆಕ್ಸಿಲರೇಟರ್ ಒಟ್ಟಿಗೆ ತುಳಿದರೆ ಎಂಜಿನ್ ಕಂಪ್ಯೂಟರ್ ತಾನೇ ಶಕ್ತಿ ಇಳಿಸುತ್ತದೆ. ಸ್ಕ್ಯಾನರ್ ಹಚ್ಚಿ ಆಯಿಲ್ ತಾಪ, ಎಂಜಿನ್ ಆರ್‌ಪಿಎಂ, ಟರ್ಬೈನ್ (ಕನ್ವರ್ಟರ್‌ನ ಗೇರ್‌ಬಾಕ್ಸ್ ಕಡೆಯ ಚಕ್ರ) ಆರ್‌ಪಿಎಂ, ಎ ಯಿಂದ ಇ ತನಕ ಕ್ಲಚ್‌ಗಳ ಅಡಾಪ್ಟೇಶನ್ ಮೌಲ್ಯ (ಕಂಪ್ಯೂಟರ್ ಕಲಿತು ಮಾಡಿಕೊಂಡ ತಿದ್ದುಪಡಿ) ತೆರೆದಿಟ್ಟುಕೊಳ್ಳುತ್ತೇನೆ. ನೋಡಬೇಕಾದ್ದು ಮೌಲ್ಯ ಸೊನ್ನೆಯಿದೆಯೇ ಎಂದಲ್ಲ, ಐದರಲ್ಲಿ ಒಂದು ಮಾತ್ರ ಉಳಿದ ನಾಲ್ಕರಿಂದ ದೂರ ಸರಿದಿದೆಯೇ ಎಂದು. ಹಾಗಿದ್ದರೆ ಆ ಕ್ಲಚ್ ಸವೆದಿದೆ, ಇಲ್ಲವೇ ಅದರ ಸೊಲೆನಾಯ್ಡ್, ಸೀಲ್ ಸೋರುತ್ತಿದೆ. ಐದೂ ಒಂದೇ ದಿಕ್ಕಿಗೆ ಸರಿದಿದ್ದರೆ ಮೊದಲು ಆಯಿಲ್ ಮೇಲೆ ಅನುಮಾನ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಇನ್ನೊಂದು ಎಚ್ಚರ: ಎಲ್ಲ ಮೌಲ್ಯವೂ ಸರಿಯಾಗಿ ಸೊನ್ನೆ ಇದ್ದರೆ ಯಾರೋ ಈಗಷ್ಟೇ ರೀಸೆಟ್ ಮಾಡಿದ್ದಾರೆ. ಅರ್ಧ ದಿನ ಓಡಿಸಿ ಮತ್ತೆ ನೋಡದೆ ದುಡ್ಡು ಕೊಡಬೇಡಿ.

ಹೊಸ ಗೇರ್‌ಬಾಕ್ಸ್‌ಗಳ ನಿಜವಾದ ಸಂಕಟ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಬೆಸೆಯುವ ಕನ್ವರ್ಟರ್‌ನ ಲಾಕಪ್ ಕ್ಲಚ್. ಹಳೆಯವುಗಳಲ್ಲಿ ಅದು ಮೇಲಿನ ಗೇರಿನಲ್ಲಿ, ಹೆದ್ದಾರಿ ವೇಗದಲ್ಲಿ ಮಾತ್ರ ಪೂರ್ತಿ ಹಿಡಿಯುತ್ತಿತ್ತು, ಇಲ್ಲವೇ ಪೂರ್ತಿ ಬಿಡುತ್ತಿತ್ತು. ಹೊಸದರಲ್ಲಿ ಕೆಳಗಿನ ಗೇರುಗಳಿಂದಲೇ ಹಿಡಿಯತೊಡಗುತ್ತದೆ, ಎಂಜಿನ್ ನಡುಕ ಒಳಗೆ ಬಾರದಿರಲೆಂದು ಬೇಕೆಂದೇ ಸ್ವಲ್ಪ ಜಾರುತ್ತಾ ಇರುತ್ತದೆ. ಜಾರಿದ್ದು ಸವೆಯುತ್ತದೆ, ಸವೆದದ್ದು ಆಯಿಲ್‌ಗೆ ಸೇರಿ ಸೊಲೆನಾಯ್ಡ್‌ಗಳ ಸೂಕ್ಷ್ಮ ಸಂದಿಗೆ ಹೋಗುತ್ತದೆ. ಬೆಳ್ಳಂದೂರಿನಿಂದ ಸಿಲ್ಕ್ ಬೋರ್ಡ್‌ವರೆಗಿನ ಸಂಜೆಯ ಓಟದಲ್ಲಿ ಈ ಕ್ಲಚ್ ಎಷ್ಟು ಸಲ ಹಿಡಿದು ಬಿಡುತ್ತದೆ ಎಂದು ಯೋಚಿಸಿದರೆ ‘ಜೀವಮಾನದ ಆಯಿಲ್’ ಎಂಬ ಮಾತಿಗೆ ನಗು ಬರುತ್ತದೆ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಅಥವಾ ಎಂಟು ವರ್ಷಕ್ಕೆ ಬದಲಾಯಿಸಿ ಎನ್ನುತ್ತದೆ. ನಗರದಲ್ಲೇ ಓಡುವ ಗಾಡಿಗೆ ನಾನು 60,000 ಹೇಳುತ್ತೇನೆ.

ಲಾಕಪ್ ಹದಗೆಟ್ಟರೆ 40–80 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿರುವಾಗ, ರಂಬಲ್ ಸ್ಟ್ರಿಪ್ ಮೇಲೆ ಹೋದಂಥ ನಡುಕ. ಎಂಜಿನ್ ಮಿಸ್‌ಫೈರ್ ಎಂದುಕೊಂಡು ಪ್ಲಗ್, ಕಾಯಿಲ್ ಬದಲಾಯಿಸಿಕೊಂಡು ಬಂದಿರುತ್ತಾರೆ. ಪರೀಕ್ಷೆ ಸುಲಭ: ನಡುಕ ಇರುವಾಗಲೇ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ತಾಕಿಸಿ. ಲಾಕಪ್ ಬಿಡುತ್ತದೆ. ನಡುಕ ತಕ್ಷಣ ನಿಂತರೆ ಕನ್ವರ್ಟರ್, ನಿಲ್ಲದಿದ್ದರೆ ಎಂಜಿನ್ ಅಥವಾ ಮೌಂಟ್. ಆರಂಭದ ಹಂತದಲ್ಲಿದ್ದರೆ ಸರಿಯಾದ ಹೊಸ ಆಯಿಲ್ ಅಷ್ಟರಿಂದಲೇ ಹೋಗುವುದುಂಟು.

ಸರಿಯಾದ ಆಯಿಲ್ ಎಂದರೆ ಆ ಗೇರ್‌ಬಾಕ್ಸ್‌ಗೆಂದೇ ಹೇಳಿದ್ದು. ಹಳೆಯ ಡೆಕ್ಸ್‌ರಾನ್ 3 ಮಾದರಿಯವು 100 ಡಿಗ್ರಿಯಲ್ಲಿ ಏಳರ ಮೇಲಿನ ಸೆಂಟಿಸ್ಟೋಕ್ ದಪ್ಪದವು, ಹೊಸವು ಐದೂವರೆ ಆರರ ಆಸುಪಾಸಿನವು. ದಪ್ಪದ್ದು ಹಾಕಿದರೆ ಹೊಸದರ ತುಂಬುವ ಸಮಯವೆಲ್ಲ ತಪ್ಪುತ್ತದೆ. ತೆಳುವಾದದ್ದು ಹಾಕಿದರೆ ಹಳೆಯದರ ಸವೆದ ಸೀಲುಗಳಲ್ಲಿ ಒತ್ತಡ ನಿಲ್ಲುವುದಿಲ್ಲ. ‘ಎಲ್ಲ ಗಾಡಿಗೂ ಒಂದೇ’ ಎಂಬ ಡಬ್ಬಿಯನ್ನು ನಾನು ಎರಡಕ್ಕೂ ಹಾಕುವುದಿಲ್ಲ.

8ಎಚ್‌ಪಿಯಲ್ಲಿ ಡಿಪ್‌ಸ್ಟಿಕ್ ಇಲ್ಲ. ಪ್ಲಾಸ್ಟಿಕ್ ಪ್ಯಾನ್‌ನಲ್ಲೇ ಫಿಲ್ಟರ್ ಕೂಡಿರುವುದರಿಂದ ಇಡೀ ಪ್ಯಾನ್ ಬದಲಾಯಿಸಬೇಕು. ಏಳು ಲೀಟರ್ ಆಯಿಲ್ ಕೈಯಲ್ಲಿರಲಿ. ಗಾಡಿ ಲಿಫ್ಟ್ ಮೇಲೆ ಮುಂದೆ ಹಿಂದೆ ಸಮ ಇರಬೇಕು, ಆಯಿಲ್ 30 ಡಿಗ್ರಿಗಿಂತ ತಣ್ಣಗಿರಬೇಕು. ಕೆಳಗೆ ಕೈಹಾಕುವ ಮುಂಚೆ ಪಕ್ಕದ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತೇನೆ. ಆಯಿಲ್ ಇಳಿಸಿದ ಮೇಲೆ ಆ ಪ್ಲಗ್ ಬಿಚ್ಚಲು ಬಾರದಿದ್ದರೆ ಗಾಡಿ ಅಲ್ಲೇ ಕೂತಂತೆ. ಹೊಸ ಪ್ಯಾನ್‌ಗೆ ಹೊಸ ಅಲ್ಯೂಮಿನಿಯಂ ಸ್ಕ್ರೂ, ಅಡ್ಡಡ್ಡ ಕ್ರಮದಲ್ಲಿ 10 ನ್ಯೂಟನ್ ಮೀಟರ್. ಇದಕ್ಕೂ ಇಂಪ್ಯಾಕ್ಟ್ ಗನ್ ಹಿಡಿಯುವವರಿದ್ದಾರೆ, ಪ್ಯಾನ್ ಸೊಟ್ಟಗಾಗಿ ಸೋರುವುದು ಅಲ್ಲಿಂದಲೇ. ಎಂಜಿನ್ ಆಫ್ ಇರುವಾಗ ತುಳುಕುವವರೆಗೆ ತುಂಬಿ, ಎಂಜಿನ್ ಚಾಲೂ ಮಾಡಿ, ಮತ್ತೆ ತುಳುಕುವವರೆಗೆ ತುಂಬಬೇಕು. ಬ್ರೇಕ್ ತುಳಿದು ಆರ್, ಡಿ, ಮ್ಯಾನುಯಲ್‌ನಲ್ಲಿ ಎರಡನೇ ಗೇರು, ಒಂದೊಂದರಲ್ಲೂ ಮೂರು ಸೆಕೆಂಡ್ ನಿಲ್ಲಿಸಿ ಪಿಗೆ ತಂದು, ಸ್ಕ್ಯಾನರ್‌ನಲ್ಲಿ 40 ಡಿಗ್ರಿ ಕಾಣುವಾಗ ಕೊನೆಯ ಮಟ್ಟ. ಹೊರಬರುವ ಧಾರೆ ನೂಲಿನಷ್ಟು ತೆಳುವಾದಾಗ, ಎಂಜಿನ್ ಓಡುತ್ತಿರುವಂತೆಯೇ ಪ್ಲಗ್ ಹಾಕಬೇಕು. 50 ದಾಟಿದರೆ ಅಳತೆ ಲೆಕ್ಕಕ್ಕಿಲ್ಲ, ತಣ್ಣಗಾಗಲು ಬಿಟ್ಟು ಮತ್ತೆ ಮೊದಲಿನಿಂದ. ಬಿಸಿಯಲ್ಲಿ ಹಿಗ್ಗಿದ ಆಯಿಲನ್ನು ನೋಡಿ ಪ್ಲಗ್ ಹಾಕಿದರೆ ನಿಜದಲ್ಲಿ ಕಡಿಮೆ ಬಿದ್ದಿರುತ್ತದೆ. ಪಂಪ್ ಗಾಳಿ ಎಳೆದು ತಿರುವಿನಲ್ಲೋ ಬ್ರೇಕ್ ಹಾಕುವಾಗಲೋ ಗೇರ್ ಕಳಚುತ್ತದೆ.

ಬರೀ ಆಯಿಲ್ ಬದಲಾಯಿಸಿದ್ದಕ್ಕೆ ಅಡಾಪ್ಟೇಶನ್ ಅಳಿಸುವ ಅಗತ್ಯವಿಲ್ಲ. ಕ್ಲಚ್ ಅಥವಾ ಮೆಕಾಟ್ರಾನಿಕ್ (ವಾಲ್ವ್ ಬಾಡಿ, ಕಂಪ್ಯೂಟರ್ ಒಂದಾಗಿರುವ ಭಾಗ) ಬದಲಾಯಿಸಿದ್ದರೆ ಅಳಿಸಲೇಬೇಕು, ಅಳಿಸಿದ ಮೇಲೆ ಕಲಿಸಲೂಬೇಕು. ಆಯಿಲ್ 60–90 ಡಿಗ್ರಿ ಇರುವಾಗ ಖಾಲಿ ರಸ್ತೆಯಲ್ಲಿ ನಿಂತಲ್ಲಿಂದ ಹಗುರ ಆಕ್ಸಿಲರೇಟರ್‌ನಲ್ಲಿ ಎಂಟರವರೆಗೂ ಏರಿಸಿ, ಬ್ರೇಕ್ ಆದಷ್ಟು ಮುಟ್ಟದೆ ತಾನಾಗಿ ಇಳಿದು ನಿಲ್ಲಲು ಬಿಡುವುದು, ಹೀಗೆ ಹಲವು ಸುತ್ತು. ಬೆಂಗಳೂರಿನೊಳಗೆ ಇದು ಬೆಳಗಿನ ಜಾವ ಬಿಟ್ಟರೆ ಆಗದ ಮಾತು.

ಒಣ ಕ್ಲಚ್‌ನ ಡ್ಯುಯಲ್ ಕ್ಲಚ್, ಅಂದರೆ ಬೆಸ ಗೇರಿಗೊಂದು, ಸಮ ಗೇರಿಗೊಂದು ಕ್ಲಚ್ ಇರುವುದು, ಬೇರೆಯೇ ಜಾತಿ. ಫೋಕ್ಸ್‌ವ್ಯಾಗನ್‌ನ ಏಳು ಗೇರಿನ ಡಿಕ್ಯು200ರಲ್ಲಿ ಆಯಿಲ್‌ನ ಕಾರಣಕ್ಕೇ 2013ರಲ್ಲಿ ಕಂಪನಿ ಗಾಡಿಗಳನ್ನು ವಾಪಸು ಕರೆದು ಸಿಂಥೆಟಿಕ್ ಬದಲು ಮಿನರಲ್ ಆಯಿಲ್ ಹಾಕಿಕೊಟ್ಟಿತು. ಮೆಕಾಟ್ರಾನಿಕ್‌ನ ಅಕ್ಯುಮ್ಯುಲೇಟರ್ ಕೂರುವ ಜಾಗ ಬಿರಿದರೆ ಒತ್ತಡ ಸೋರಿ ಪಿ17ಬಿಎಫ್ ಕೋಡ್ ಬರುತ್ತದೆ. ಬೆಸ ಗೇರುಗಳ ಕೆ1 ಕ್ಲಚ್ ಮೊದಲು ಸವೆಯುವುದು ಪ್ರತಿಸಲ ಗಾಡಿ ಹೊರಡಿಸುವುದು ಅದೇ ಆದ್ದರಿಂದ. ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳಿಸದೆ, ಮುಂದೆ ಒಂದು ಗಾಡಿಯಷ್ಟು ಜಾಗ ಆದಾಗ ಹೊರಟು ಪೂರ್ತಿ ನಿಲ್ಲಿಸಿದರೆ ಅದರ ಆಯಸ್ಸು ಹೆಚ್ಚುತ್ತದೆ. ಅದೇ ಕಂಪನಿಯ ವರ್ಟಸ್, ಟೈಗುನ್‌ನ ಒಂದು ಲೀಟರ್ ಎಂಜಿನ್ನಿಗೆ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಬರುತ್ತದೆ. ನಗರದೊಳಗೇ ಓಡಾಟವಿರುವವರಿಗೆ ನನ್ನ ಮತ ಅದಕ್ಕೇ. ಎಎಂಟಿಯನ್ನು ಈ ಹೋಲಿಕೆಗೆ ತರುವುದೇ ಇಲ್ಲ. ಅದು ಮ್ಯಾನುಯಲ್ ಗೇರ್‌ಬಾಕ್ಸ್, ಕ್ಲಚ್ ತುಳಿಯುವ ಕಾಲು, ಗೇರ್ ಹಾಕುವ ಕೈ ಮಾತ್ರ ಯಂತ್ರದ್ದು.

ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಹಂತಕ್ಕೆ ಬಂದರೆ ಹಳೆಯದಕ್ಕೂ ಹೊಸದಕ್ಕೂ ಎರಡು ಕೆಲಸ ಬಿಡುವಂತಿಲ್ಲ. ಒಂದು, ಕನ್ವರ್ಟರನ್ನು ಹೊರಗಿನಿಂದ ತೊಳೆದು ವಾಪಸು ಹಾಕಬಾರದು, ಕತ್ತರಿಸಿ ಒಳಗಿನ ಪದರ ಹೊಸದು ಮಾಡಿಸಿ ಬೆಸುಗೆ ಹಾಕಿಸಬೇಕು. ಎರಡು, ಕೂಲರ್. ಪೈಪ್ ಮಾದರಿಯದಾದರೆ ದ್ರಾವಣ ಹಾಯಿಸಿ, ಗಾಳಿ ಊದಿ ಸ್ವಚ್ಛ ಮಾಡಬಹುದು. ಹೊಸ ಗಾಡಿಗಳ ತಟ್ಟೆ ಮಾದರಿಯ ಕೂಲರ್ ಒಳಗೆ ಸಿಕ್ಕಿದ ಚೂರು ಯಾವ ದ್ರಾವಣಕ್ಕೂ ಪೂರ್ತಿ ಹೊರಬರುವುದಿಲ್ಲ. ಅದನ್ನು ಎಸೆದು ಹೊಸದು ಹಾಕಿ, ಬಿಲ್ಲಿನಲ್ಲಿ ಆ ಸಾಲು ಬರೆಸಿಕೊಳ್ಳಿ.