ಹೃದಯ ಕಸಿಗೆ ಮೊದಲು ಹೆರಿಗೆಯ ಲೆಕ್ಕ

ನಾನು ಹಾಸನದಲ್ಲಿ ಫಿಸಿಶಿಯನ್. ಹೃದಯ ಕಸಿ ಆಗುವುದು ಬೆಂಗಳೂರಿನಲ್ಲಿ. ಆದರೆ ಕಸಿಗೆ ಮೊದಲೂ ಆಮೇಲೂ, ಜ್ವರ ಬಂದರೆ, ಕಾಲು ಊದಿಕೊಂಡರೆ, ಸಕಲೇಶಪುರ ಕಡೆಯವರು ಮೊದಲು ಬರುವುದು ಹಾಸನಕ್ಕೇ ಅಲ್ವಾ? ಹಾಗಾಗಿ ನಮ್ಮ ಪಾಲಿನ ಕೆಲಸವೂ ಸಣ್ಣದಲ್ಲ. ಅದನ್ನು ನನಗೆ ಕಲಿಸಿದ್ದು ಒಬ್ಬ ಹೆಣ್ಣುಮಗಳು ಮತ್ತು ಅವರ ಅತ್ತೆ.

ಕಾಫಿ ತೋಟದ ಮನೆಯವರು. ವಯಸ್ಸು 34. ಕೊನೆಯ ಹೆರಿಗೆ ಆದ ಮೇಲೆ ಹೃದಯದ ಪಂಪಿಂಗ್ ಬಿದ್ದುಹೋಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಮಾತ್ರೆಯಲ್ಲಿ ಸುಧಾರಿಸಲಿಲ್ಲ. ಕಸಿಗೆಂದು ಬೆಂಗಳೂರಿಗೆ ಕಳಿಸಿದೆ. ಜೊತೆಗೆ ಕೊಟ್ಟ ಪತ್ರದಲ್ಲಿ 'ಹೆರಿಗೆ 3, ರಕ್ತ ಹಾಕಿಲ್ಲ' ಎಂದು ಬರೆದೆ. ಹಳೇ ಚೀಟಿಯಲ್ಲಿ ಹಾಗೇ ಇತ್ತು. ನಾನು ಬಾಯಿಬಿಟ್ಟು ಕೇಳಿರಲಿಲ್ಲ.

ಎರಡು ವಾರಕ್ಕೆ ಅಲ್ಲಿನ ಕೋಆರ್ಡಿನೇಟರ್ ಫೋನ್ ಮಾಡಿದರು. "ಸಾರ್, ಇವರಿಗೆ ಆಂಟಿಬಾಡಿ ತುಂಬಾ ಜಾಸ್ತಿ ಬಂದಿದೆ. ಯಾವಾಗಲಾದ್ರೂ ರಕ್ತ ಹಾಕಿದ್ರಾ?"

ಮಾರನೇ ದಿನವೇ ಮನೆಯವರನ್ನು ಕರೆಸಿದೆ. ಅತ್ತೆ ಕುರ್ಚಿಯ ತುದಿಯಲ್ಲಿ ಕೂತು ಬೆರಳು ಮಡಚುತ್ತಾ ಲೆಕ್ಕ ಹೇಳಿದರು. "ಮೊದಲ್ನೇದು ಮೂರು ತಿಂಗಳಿಗೆ ಹೋಯ್ತು ಡಾಕ್ಟ್ರೇ. ಆಮೇಲೆ ದೊಡ್ಡವನು. ಎರಡನೇದು ಹುಟ್ಟುವಾಗ ಎರಡು ಬಾಟ್ಲಿ ರಕ್ತ ಹಾಕಿದ್ರು. ಮಧ್ಯೆ ಇನ್ನೊಂದು ನಿಲ್ಲಲಿಲ್ಲ. ಕೊನೇಲಿ ಈ ಚಿಕ್ಕವಳು." ಐದೂ ಬೆರಳು ಮಡಚಿಕೊಂಡಿದ್ದವು. ಒಟ್ಟು ಐದು ಗರ್ಭ, ಎರಡು ಬಾಟಲಿ ರಕ್ತ. ನನ್ನ ಪತ್ರದಲ್ಲಿ ಇವು ಯಾವುವೂ ಸರಿಯಾಗಿ ಇರಲಿಲ್ಲ.

ಇದು ಯಾಕೆ ಮುಖ್ಯ ಎಂದರೆ, ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ. ಮಗುವಿನಲ್ಲಿ ಅರ್ಧ ಗುರುತು ಅಪ್ಪನದು. ಬಸಿರಿನಲ್ಲಿ ಆ ಗುರುತು ತಾಯಿಯ ರಕ್ತಕ್ಕೂ ತಾಗುತ್ತದೆ. ಕೆಲವರ ಮೈ ಅದನ್ನು ಹೊರಗಿನದು ಎಂದು ತಿಳಿದು ಅದರ ಮೇಲೆ ದಾಳಿ ಮಾಡುವ ಆಂಟಿಬಾಡಿ ಮಾಡಿಕೊಳ್ಳುತ್ತದೆ, ಮರೆಯುವುದೂ ಇಲ್ಲ. ಬೇರೆಯವರ ರಕ್ತ ಹಾಕಿದರೂ ಇದೇ ಕಥೆ. ಮುಂದೆ ಅದೇ ಗುರುತಿನ ಹೃದಯ ಕೂರಿಸಿದರೆ ಆಂಟಿಬಾಡಿ ಅದರ ಮೇಲೆ ಬೀಳುತ್ತದೆ. ತುಂಬಾ ಜೋರಾಗಿದ್ದರೆ ಆಪರೇಷನ್ ಟೇಬಲ್ ಮೇಲೇ ಹೃದಯ ಕೆಡಬಹುದು. ಇಲ್ಲದಿದ್ದರೆ ಮೊದಲ ವಾರಗಳಲ್ಲಿ ರಿಜೆಕ್ಷನ್, ಅಂದರೆ ಮೈ ಹೊಸ ಹೃದಯವನ್ನು ಒಪ್ಪದೆ ಅದರ ಮೇಲೆ ಬೀಳುವುದು.

ಇವರ ಆಂಟಿಬಾಡಿ ವರದಿಯಲ್ಲಿ ಇದ್ದದ್ದು 62 ಪರ್ಸೆಂಟ್. ಅಂದರೆ ನೂರು ದಾನಿಗಳಲ್ಲಿ ಸುಮಾರು 62 ಜನರ ಹೃದಯ ಇವರಿಗೆ ಆಗುವುದಿಲ್ಲ. ಹೊರಗೆ ತೆಗೆದ ಹೃದಯ ಸುಮಾರು 4 ಗಂಟೆಯೊಳಗೆ ಕೂರಬೇಕು. ಆ ಹೊತ್ತಿನಲ್ಲಿ ದಾನಿಯ ರಕ್ತ, ರೋಗಿಯ ರಕ್ತ ಬೆರೆಸಿ ಪರೀಕ್ಷೆ ಮಾಡುತ್ತಾ ಕೂರಲು ಎಷ್ಟೋ ಸಲ ಆಗುವುದಿಲ್ಲ. ಯಾವ ಗುರುತಿಗೆ ಆಂಟಿಬಾಡಿ ಇದೆ ಎಂಬ ಪಟ್ಟಿ ಮೊದಲೇ ಸಿದ್ಧ ಇರಬೇಕು. ಆ ಪಟ್ಟಿ ಹಳೆಯದಾಗಿದ್ದರೆ ಅಪಾಯ.

ಅದೇ ವಾರ ಅವರ ಹಿಮೋಗ್ಲೋಬಿನ್ 7.6 ಇತ್ತು. ಒಂದು ಬಾಟಲಿ ರಕ್ತಕ್ಕೆ ಚೀಟಿ ಬರೆದಿಟ್ಟಿದ್ದೆ. ಆ ಚೀಟಿ ಹರಿದು ಹಾಕಿದೆ. ಬೆಂಗಳೂರಿನವರನ್ನು ಕೇಳಿ, ರಕ್ತನಾಳಕ್ಕೆ ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟೆ. ಎರಡು ತಿಂಗಳಿಗೆ 10 ದಾಟಿತು. ಈಗ ನನ್ನ ಪದ್ಧತಿಯೇ ಇದು. ಕಸಿಯ ದಾರಿಯಲ್ಲಿ ಇರುವವರಿಗೆ ಸುಮ್ನೆ ರಕ್ತ ಹಾಕುವುದಿಲ್ಲ. ಹಾಕಲೇಬೇಕಾದರೆ ಬಿಳಿರಕ್ತಕಣ ತೆಗೆದ ರಕ್ತ. ಆಮೇಲೆ ಬೆಂಗಳೂರಿಗೆ ಫೋನ್, ಎರಡು ವಾರ ಬಿಟ್ಟು ಹೊಸ ಸ್ಯಾಂಪಲ್.

ಏಳು ತಿಂಗಳು ಕಾದ ಮೇಲೆ ಒಪ್ಪುವ ಹೃದಯ ಸಿಕ್ಕಿತು. ಆಪರೇಷನ್ ಚೆನ್ನಾಗಿ ಆಯಿತು. ಎರಡನೇ ಬಯಾಪ್ಸಿಯಲ್ಲಿ ರಿಜೆಕ್ಷನ್ 2ಆರ್, ಅಂದರೆ ಮಧ್ಯಮ ಹಂತದ್ದು, ಬಂತು. ಅವರಿಗೆ ಎದೆನೋವಿಲ್ಲ, ಜ್ವರವಿಲ್ಲ, ಊಟ ಸೇರುತ್ತಿತ್ತು. ಕಸಿ ಮಾಡುವಾಗ ಹೃದಯದ ನರಗಳು ಕತ್ತರಿಸಿಹೋಗುತ್ತವೆ, ನೋವು ಸುಲಭಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ ಚೂರು ಮಾಂಸ ತೆಗೆದು ನೋಡುವುದು. ಮೂರು ದಿನ ಸ್ಟಿರಾಯ್ಡ್ ಕೊಟ್ಟರು, ಇಳಿಯಿತು.

ರಿಜೆಕ್ಷನ್ ತಡೆಯುವ ಔಷಧಿ ಸೋಂಕಿಗೆ ಬಾಗಿಲು ತೆರೆಯುತ್ತದೆ. 1967ರ ಡಿಸೆಂಬರ್‌ನಲ್ಲಿ ಕೇಪ್‌ಟೌನಿನಲ್ಲಿ ಸರ್ಜನ್ ಕ್ರಿಸ್ಟಿಯಾನ್ ಬರ್ನಾರ್ಡ್ ಮಾಡಿದ, ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿಯ ರೋಗಿ 18 ದಿನ ಬದುಕಿದರು. ಸತ್ತದ್ದು ನ್ಯುಮೋನಿಯಾದಿಂದ. ಇವರನ್ನು ಊರಿಗೆ ಕಳಿಸಿದಾಗ ನನ್ನ ತಲೆಯಲ್ಲಿ ಇದ್ದದ್ದು ಅದೇ. ಮಲೆನಾಡಿನ ಮಳೆ, ಗೋಡೆಯ ಬೂಸ್ಟು, ಗೊಬ್ಬರದ ಗುಂಡಿ, ಕಣದ ಧೂಳು. ಈ ಯಾವುದರ ಹತ್ತಿರವೂ ಹೋಗಬೇಡಿ ಎಂದೆ. ಮನೆಯವರು ಒಳಗಿನ ಕೋಣೆಗೆ ಹೊಸದಾಗಿ ಸುಣ್ಣ ಬಳಿಸಿದರು.

ಒಂದು ದಿನ ಬಂದಾಗ ಅವರ ಕೈಯಲ್ಲಿನ ಕಾಫಿ ಲೋಟ ನಡುಗುತ್ತಿತ್ತು, ತಟ್ಟೆಗೆ ತಾಗಿ ಟಿಣಟಿಣ ಸದ್ದು. ರಿಜೆಕ್ಷನ್ ತಡೆಯುವ ಟ್ಯಾಕ್ರೊಲಿಮಸ್ ಔಷಧಿ ಜಾಸ್ತಿಯಾದರೆ ಕೈ ನಡುಗುತ್ತದೆ. ರಕ್ತದಲ್ಲಿ ಔಷಧಿಯ ಲೆವೆಲ್ ಪರೀಕ್ಷೆಗೆ ಕಳಿಸಿದರೆ 21. ಅವರಿಗೆ ಹೇಳಿದ್ದ ಮಟ್ಟ 10ರಿಂದ 15. ಮಾತ್ರೆ ಅಷ್ಟೇ ಇತ್ತು. ಹೊಸ ಔಷಧಿ ಇರಲಿಲ್ಲ. "ಹಣ್ಣು ಏನು ತಿಂತೀರಮ್ಮ?" ಎಂದೆ. "ಹಿತ್ತಲಲ್ಲಿ ಚಕ್ಕೋತ ಬಿಟ್ಟಿದೆ ಸಾರ್. ದಿನಾ ನಾಲ್ಕು ತೊಳೆ." ಚಕ್ಕೋತ ಈ ಔಷಧಿ ಮೈಯಲ್ಲಿ ಒಡೆದುಹೋಗುವುದನ್ನು ತಡೆಯುತ್ತದೆ, ಲೆವೆಲ್ ಏರುತ್ತದೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್, ಕೆಲವು ಫಂಗಸ್ ಮಾತ್ರೆಗಳೂ ಹಾಗೇ. ಟಿಬಿಗೆ ಕೊಡುವ ರಿಫಾಂಪಿಸಿನ್ ಉಲ್ಟಾ, ಲೆವೆಲ್ ಇಳಿಸಿ ರಿಜೆಕ್ಷನ್‌ಗೆ ದಾರಿ ಮಾಡುತ್ತದೆ. ಹಣ್ಣು ನಿಲ್ಲಿಸಿ, ಬೆಂಗಳೂರಿನವರು ಹೇಳಿದಂತೆ ಒಂದು ಡೋಸ್ ಬಿಟ್ಟೆವು. ಮುಂದಿನ ವಾರ 12ಕ್ಕೆ ಬಂತು, ಲೋಟ ಸುಮ್ಮನಾಯಿತು.

ಈಗ ನನ್ನ ಟೇಬಲ್ ಮೇಲೆ ಒಂದು ಹಾಳೆ ಇದೆ. ನಿಲ್ಲದ ಗರ್ಭ ಎಷ್ಟು, ರಕ್ತ ಯಾವ ವರ್ಷ, ಎಷ್ಟು ಬಾಟಲಿ, ಹಿಂದೆ ಹೃದಯದ ಆಪರೇಷನ್ ಆಗಿದೆಯಾ. ಅತ್ತೆ ಅಥವಾ ತಾಯಿ ಜೊತೆಗಿರುವಾಗಲೇ ಕೇಳುತ್ತೇನೆ. ಗಂಡಂದಿರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ.

ಹೊಸ ಆಂಟಿಬಾಡಿ ಹುಟ್ಟಿದೆಯಾ ಎಂದು ನೋಡಲು ಇವರ ಸ್ಯಾಂಪಲ್ ಸೋಮವಾರ ಮತ್ತೆ ಹೋಗಬೇಕು. ಲೆವೆಲ್ಲೂ ಜೊತೆಗೇ. ಬೆಳಗ್ಗೆ ಏಳೂವರೆಗೆ ಬನ್ನಿ, ರಕ್ತ ಕೊಡುವ ತನಕ ಮಾತ್ರೆ ಚೀಲದಲ್ಲೇ ಇರಲಿ ಎಂದು ಹೇಳಿದ್ದೇನೆ.